ವೇಸ್ಟ್ ಆಯಿಲ್‌ನಿಂದ ನೀರು, ರಾಡಿ ತೆಗೆದು ಕುಲುಮೆಗೆ ಉರುವಲು ಮಾಡುವುದು: ಮೊದಲಿಂದ ಕೊನೆವರೆಗೆ

ವೇಸ್ಟ್ ಆಯಿಲ್, ಅಂದರೆ ಗಾಡಿ, ಯಂತ್ರಗಳಿಂದ ಬಳಸಿ ತೆಗೆದ ಹಳೆ ಎಣ್ಣೆ, ಕುಲುಮೆಯಲ್ಲಿ ಸರಿಯಾಗಿ ಉರಿಯುತ್ತಿಲ್ಲ ಅಂತ ಕೇಳುವವರ ಊರು ಬೇರೆ ಬೇರೆ, ದೂರು ಮಾತ್ರ ಒಂದೇ. ಬಳ್ಳಾರಿಯಲ್ಲಿ ಅಲ್ಯೂಮಿನಿಯಂ ಕರಗಿಸುವವರು "ಉರಿ ಫಟ್ ಫಟ್ ಅಂತ ಹೊಡ್ಕೊಂಡು ಆರಿ ಹೋಗುತ್ತೆ ಅಣ್ಣ" ಅನ್ನುತ್ತಾರೆ. ಗಂಗಾವತಿಯವರು ಬರ್ನರ್‌ನ ಎಣ್ಣೆ ಚಿಮ್ಮುವ ಮೂತಿ ಕಟ್ಟಿಕೊಂಡು "ದಿನಕ್ಕೆ ಮೂರು ಸಲ ನಾಜಲ್ ಬಿಚ್ಚಬೇಕ್ರಿ" ಅನ್ನುತ್ತಾರೆ. ರಾಯಚೂರಿನ ಒಬ್ಬರು ಕಾಯಲು ಇಟ್ಟ ಡ್ರಮ್ ಉಕ್ಕಿ, ಶೆಡ್ ತುಂಬ ಬಿಸಿ ಎಣ್ಣೆ ಹರಿದ ಫೋಟೊ ಕಳಿಸಿದ್ದರು. ಪುಣ್ಯಕ್ಕೆ ಆ ಹೊತ್ತಿನಲ್ಲಿ ಹತ್ತಿರ ಯಾರೂ ಇರಲಿಲ್ಲ.

ಯಾವ ಕ್ರಮದಲ್ಲಿ ಮಾಡಿದಿರಿ ಅಂತ ಮೂವರನ್ನೂ ಕೇಳಿದೆ. ಮೂವರೂ ಮೊದಲು ಬಟ್ಟೆಯಲ್ಲಿ ಸೋಸಿದ್ದರು. ಆಮೇಲೆ ಜೋರಾಗಿ ಕಾಯಿಸಿದ್ದರು. ನೀರು ತಾನಾಗಿ ಕೆಳಗೆ ಇಳಿಯಲು ಬಿಟ್ಟೇ ಇರಲಿಲ್ಲ. ಈ ಕೆಲಸ ಕೆಡುವುದು ಇಲ್ಲೇ. ಮೊದಲು ಇಳಿಸಬೇಕು, ಬಸಿಯಬೇಕು, ಆಮೇಲೆ ಕಾಯಿಸಬೇಕು, ಮತ್ತೆ ಇಳಿಸಬೇಕು. ಸೋಸುವುದು ಕೊನೆಗೆ. ಈ ಕ್ರಮ ತಪ್ಪಿದರೆ ಎಷ್ಟು ದುಬಾರಿ ಫಿಲ್ಟರ್ ತಂದರೂ ಪ್ರಯೋಜನ ಇಲ್ಲ.

## ಮೊದಲು ಅನುಮತಿ, ಮತ್ತು ಎಲ್ಲಿ ಬಳಸಬಾರದು

ವೇಸ್ಟ್ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಇದಕ್ಕೆ ಅನ್ವಯಿಸುತ್ತವೆ. ಸಂಸ್ಕರಿಸಿ ಸುಡಬೇಕಾದರೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಗ್ಯಾರೇಜ್ ನಡೆಸುವವರು ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇದನ್ನು ಕೂಡಿಡುವಂತಿಲ್ಲ. ಅನುಮತಿ ಇಲ್ಲದಿದ್ದರೆ ಸುಡುವ ಯೋಚನೆ ಬಿಡಿ. ಕೆಳಗಿನ 1 ಮತ್ತು 2ನೇ ಹಂತ ಮಾಡಿ, ಮಂಡಳಿಯ ಮಾನ್ಯತೆ ಇರುವ, ಹಳೆ ಎಣ್ಣೆ ಶುದ್ಧ ಮಾಡುವ ರಿಫೈನಿಂಗ್‌ನವರಿಗೆ ಕೊಡಿ. ನೀರು ಸೇರದ ಆಯಿಲ್‌ಗೆ ಅವರಲ್ಲೂ ಒಳ್ಳೆ ಬೆಲೆ ಸಿಗುತ್ತದೆ.

ಅದೇ ನಿಯಮಗಳ 5ನೇ ಅನುಸೂಚಿಯಲ್ಲಿ ಉರುವಲಾಗಿ ಬಳಸುವ ಎಣ್ಣೆಗೆ ಮಿತಿ ಹಾಕಿದ್ದಾರೆ. ನೀರು ಶೇ 1 ಮೀರಬಾರದು. ಗಸಿ ಶೇ 0.25 ಮೀರಬಾರದು. ಸೀಸ 100 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 100 ಭಾಗ, ದಾಟಬಾರದು. 200 ಲೀಟರ್ ಡ್ರಮ್‌ಗೆ ಲೆಕ್ಕ ಹಾಕಿದರೆ ನೀರು ಹೆಚ್ಚೆಂದರೆ 2 ಲೀಟರ್, ಗಸಿ ಅರ್ಧ ಲೀಟರ್. ನಮ್ಮ ಗುರಿ ಇದಕ್ಕಿಂತ ಕೆಳಗೆ ಇರಬೇಕು.

ಎಷ್ಟೇ ಚೊಕ್ಕ ಮಾಡಿದರೂ ಕೆಲವು ಕಡೆ ಇದು ಬೇಡವೇ ಬೇಡ. ಮನೆ ಒಲೆ, ಮಂಡಕ್ಕಿ ಭಟ್ಟಿ, ಬೆಲ್ಲದ ಆಲೆಮನೆ, ಬೇಕರಿ ಓವನ್, ಹೀಗೆ ತಿನ್ನುವ ವಸ್ತುವಿಗೆ ಹೊಗೆ ತಾಗುವ ಯಾವ ಜಾಗದಲ್ಲೂ ಬಳಸಬಾರದು. ಎಣ್ಣೆಯಲ್ಲಿ ಕರಗಿರುವ ಸತು, ಕ್ಯಾಲ್ಸಿಯಂ, ಸೀಸ ಯಾವ ಬಟ್ಟೆಯಲ್ಲೂ ಸೋಸಿ ಹೋಗುವುದಿಲ್ಲ. ಉರಿದ ಮೇಲೆ ಅವು ಬೂದಿಯಾಗಿ, ಹೊಗೆಯಾಗಿ ಹೊರಗೆ ಬರುತ್ತವೆ. ಇನ್ನು ಕೆಲವರು ಡೀಸೆಲ್‌ಗೆ ಬೆರೆಸಿ ಪಂಪ್‌ಸೆಟ್‌ಗೆ, ಟ್ರ್ಯಾಕ್ಟರ್‌ಗೆ ಹಾಕುತ್ತಾರೆ. ಇಂಜೆಕ್ಟರ್ ಹಾಳಾಗುತ್ತದೆ. ಈ ಬರಹದಲ್ಲಿ ಉರುವಲು ಅಂದರೆ ಬರ್ನರ್ ಇರುವ ಕೈಗಾರಿಕೆ ಕುಲುಮೆಗೆ ಮಾತ್ರ.

## ಬೇಕಾಗುವ ಸಾಮಾನು

ಮೂರು ಡ್ರಮ್ ಬೇಕು. ಒಂದು ಜಮಾ ಡ್ರಮ್, ಒಂದು ಇಳಿಸುವ ಡ್ರಮ್, ಒಂದು ತಿಳಿ ಡ್ರಮ್. ಮೂರಕ್ಕೂ ಬಣ್ಣದಲ್ಲಿ ದಪ್ಪಗೆ ಹೆಸರು ಬರೆಯಿರಿ. ಕೆಲಸದ ಹುಡುಗರು ತಿಳಿ ಎಣ್ಣೆಗೆ ಹಸಿ ಎಣ್ಣೆ ಸುರಿದು ಎರಡು ದಿನದ ಶ್ರಮ ಹಾಳಾಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇಳಿಸುವ ಡ್ರಮ್ ಮುಖ್ಯ. ಮೇಲ್ಭಾಗ ಪೂರ್ತಿ ತೆರೆಯುವ, ರಿಂಗ್ ಹಾಕಿ ಮುಚ್ಚುವ 200 ಲೀಟರ್ ಕಬ್ಬಿಣದ ಡ್ರಮ್ ಕೊಳ್ಳಿ. ಹಳೆ ಎಣ್ಣೆ ಡ್ರಮ್ ತಂದು ಗ್ಯಾಸ್ ಕಟರ್‌ನಲ್ಲಿ, ಗ್ರೈಂಡರ್‌ನಲ್ಲಿ ಬಾಯಿ ಕೊಯ್ಯಬೇಡಿ. ಖಾಲಿ ಕಾಣುವ ಡ್ರಮ್ ಒಳಗೆ ಆವಿ ತುಂಬಿರುತ್ತದೆ. ಕಿಡಿ ತಾಗಿದರೆ ಅದು ಬಾಂಬ್ ತರಹ ಸಿಡಿಯುತ್ತದೆ.

ಈ ಡ್ರಮ್‌ಗೆ ಎಣ್ಣೆ ಹಾಕುವ ಮೊದಲೇ ಎರಡು ನಲ್ಲಿ ಕೂರಿಸಿ. ಒಂದು ತೀರಾ ತಳದಲ್ಲಿ, ಒಂದಿಂಚಿನ ಬಾಲ್ ವಾಲ್ವ್. ಇದು ನೀರು ಮತ್ತು ರಾಡಿಗೆ. ಇನ್ನೊಂದು ತಳದಿಂದ 15 ಸೆಂಟಿಮೀಟರ್ ಮೇಲೆ. ಇದು ತಿಳಿ ಎಣ್ಣೆಗೆ. ಎರಡೂ ಲೋಹದ್ದೇ ಇರಲಿ. ಪ್ಲಾಸ್ಟಿಕ್ ನಲ್ಲಿ ಬಿಸಿಗೆ ಮೆತ್ತಗಾಗಿ ಜಾರಿ ಬರುತ್ತದೆ. ಡ್ರಮ್ಮನ್ನು ಎರಡಡಿ ಎತ್ತರದ ಆಂಗಲ್ ಸ್ಟ್ಯಾಂಡ್ ಮೇಲೆ ಇಟ್ಟು, ತಳದ ನಲ್ಲಿ ಕಡೆಗೆ ಸ್ವಲ್ಪ ವಾಲಿಸಿ. ಕೆಳಗೆ ಸುತ್ತ ಇಟ್ಟಿಗೆ, ಸಿಮೆಂಟಿನ ಕಟ್ಟೆ ಕಟ್ಟಿ. ಡ್ರಮ್ ಒಡೆದರೂ ಎಣ್ಣೆಯೆಲ್ಲ ಆ ಕಟ್ಟೆಯೊಳಗೇ ನಿಲ್ಲುವಷ್ಟು ಜಾಗ ಇರಬೇಕು.

ಉಳಿದಂತೆ:

- ಡ್ರಮ್ ಹೊರಗೆ ಸುತ್ತುವ ಬ್ಯಾಂಡ್ ಹೀಟರ್, ಥರ್ಮೋಸ್ಟ್ಯಾಟ್ ಸಮೇತ. ಅರ್ಥಿಂಗ್ ಮತ್ತು ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಕಡ್ಡಾಯ
- 0ರಿಂದ 200 ಡಿಗ್ರಿ ತೋರಿಸುವ ಥರ್ಮಾಮೀಟರ್
- ಒಂದು ಮೀಟರ್ ಉದ್ದದ ಅಳತೆ ಕೋಲು, ಮತ್ತು ಪೆಟ್ರೋಲ್ ಬಂಕಿನವರು ಟ್ಯಾಂಕಿನ ನೀರು ನೋಡಲು ಬಳಸುವ ಪೇಸ್ಟ್
- 30 ಮೆಶ್ ಮತ್ತು 100 ಮೆಶ್ ಸ್ಟೀಲ್ ಜಾಲರಿ (ಮೆಶ್ ಅಂದರೆ ಒಂದಿಂಚಿಗೆ ಎಷ್ಟು ಕಣ್ಣು ಅಂತ)
- ಕೈಯಿಂದ ತಿರುಗಿಸುವ ಡ್ರಮ್ ಪಂಪ್
- ನೈಟ್ರೈಲ್ ಗ್ಲೌಸ್, ಕಣ್ಣಿಗೆ ಗಾಗಲ್, ಮುಚ್ಚಿದ ಶೂ
- ಡ್ರೈ ಪೌಡರ್ ಅಗ್ನಿಶಾಮಕ ಮತ್ತು ಎರಡು ಬಕೆಟ್ ಮರಳು

ಸ್ನಾನದ ನೀರು ಕಾಯಿಸುವ ರಾಡ್ ಎಣ್ಣೆಗೆ ಇಳಿಸಬೇಡಿ. ಅದು ನೀರಿಗೆ ಅಂತಲೇ ಮಾಡಿದ್ದು. ಎಣ್ಣೆ ನೀರಿನಷ್ಟು ಬೇಗ ಬಿಸಿ ಎಳೆದುಕೊಳ್ಳುವುದಿಲ್ಲ. ಹಾಗಾಗಿ ರಾಡ್ ಮೈಮೇಲೆ ಎಣ್ಣೆ ಕರಕಲಾಗಿ ಕಟ್ಟಿ, ಕಾಯಿಲ್ ಸುಟ್ಟು ಹೋಗುತ್ತದೆ. ಒಮ್ಮೊಮ್ಮೆ ಬೆಂಕಿಯೇ ಹೊತ್ತಿಕೊಳ್ಳುತ್ತದೆ. ಕೆಳಗೆ ಸೌದೆ ಒಲೆ ಹಚ್ಚುವುದು, ಗ್ಯಾಸ್ ಬರ್ನರ್ ಇಡುವುದಂತೂ ಇನ್ನೂ ಅಪಾಯ.

## ಹಂತ 1: ಬರುವ ಎಣ್ಣೆಯನ್ನು ಬಾಗಿಲಲ್ಲೇ ಬೇರ್ಪಡಿಸಿ

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ, ಆದರೆ ಯಾರೂ ಇದಕ್ಕೆ ಮನಸ್ಸು ಕೊಡುವುದಿಲ್ಲ.

ಬರಿ ಇಂಜಿನ್ ಆಯಿಲ್, ಹೈಡ್ರಾಲಿಕ್ ಆಯಿಲ್, ಗೇರ್ ಆಯಿಲ್ ಒಂದೇ ಡ್ರಮ್‌ಗೆ ಹೋಗಬಹುದು. ರೇಡಿಯೇಟರ್ ಕೂಲೆಂಟ್, ಬ್ರೇಕ್ ಆಯಿಲ್, ಪೇಂಟ್ ಥಿನ್ನರ್, ಕಾರ್ಬುರೇಟರ್ ಕ್ಲೀನರ್, ಪೆಟ್ರೋಲ್ ಮತ್ತು ಹಳೆ ಟ್ರಾನ್ಸ್‌ಫಾರ್ಮರ್ ಆಯಿಲ್, ಈ ಆರನ್ನು ಪ್ರತ್ಯೇಕ ಇಡಿ. ಕೂಲೆಂಟ್ ಸೇರಿದರೆ ನೀರು ಬಿಡುವುದಿಲ್ಲ. ಪೆಟ್ರೋಲ್ ಸೇರಿದರೆ ಕಾಯಿಸುವಾಗ ಬೆಂಕಿ ಹತ್ತುತ್ತದೆ. ಚೊಕ್ಕ ಇಂಜಿನ್ ಆಯಿಲ್‌ನ ಆವಿ ಕಿಡಿಗೆ ಹತ್ತಿಕೊಳ್ಳಲು 200 ಡಿಗ್ರಿ ದಾಟಬೇಕು, ಪೆಟ್ರೋಲ್ ಬೆರೆತರೆ ಆ ರಕ್ಷಣೆ ಹೋಯಿತು. ಹಳೆ ಟ್ರಾನ್ಸ್‌ಫಾರ್ಮರ್ ಆಯಿಲ್‌ನಲ್ಲಿ ಪಿಸಿಬಿ ಎಂಬ ವಿಷ ಇರುವ ಸಾಧ್ಯತೆ ಇದೆ. ಅದನ್ನು ಕುಲುಮೆಯಲ್ಲಿ ಸುಡಲೇಬಾರದು.

ಮೂಗಿಗೆ ಪೆಟ್ರೋಲ್, ಥಿನ್ನರ್ ವಾಸನೆ ಬಡಿದರೆ ಆ ಕ್ಯಾನ್ ವಾಪಸ್ ಕಳಿಸಿ. ಕ್ಲೋರಿನ್ ಇರುವ ದ್ರಾವಕ ಸೇರಿದೆ ಅಂತ ಅನುಮಾನ ಬಂದರೆ ತಾಮ್ರದ ತಂತಿಯ ಪರೀಕ್ಷೆ ಇದೆ. ದಪ್ಪ ತಂತಿಯ ತುದಿಯನ್ನು ಗ್ಯಾಸ್ ಉರಿಯಲ್ಲಿ ಹಿಡಿದು, ಉರಿಗೆ ಬಣ್ಣ ಬರುವುದು ನಿಲ್ಲುವವರೆಗೆ ಕಾಯಿಸಿ, ಆರಿಸಿ. ಒಂದು ಚಮಚ ಎಣ್ಣೆಯಲ್ಲಿ ಅದ್ದಿ, ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಆ ಎಣ್ಣೆ ಬೇಡ. ಇದನ್ನು ಬಯಲಲ್ಲಿ, ಡ್ರಮ್‌ಗಳಿಂದ ದೂರ, ಹೊಗೆ ಮೂಗಿಗೆ ಬಾರದಂತೆ ಮಾಡಬೇಕು.

ಸಂಡೂರು, ಹೊಸಪೇಟೆ ಕಡೆ ಅದಿರು ಲಾರಿಗಳ ಗ್ಯಾರೇಜ್‌ನಿಂದ ಬರುವ ಎಣ್ಣೆಯಲ್ಲಿ ಕೆಂಪು ಧೂಳು ಜಾಸ್ತಿ. ಹೆದರಬೇಡಿ. ಅದಿರಿನ ಧೂಳು ಭಾರ, ಬೇಗ ತಳ ಸೇರುತ್ತದೆ. ಸಿಂಧನೂರು, ಕಾರಟಗಿ ಕಡೆ ಭತ್ತ ಕೊಯ್ಯುವ ಯಂತ್ರಗಳ ಎಣ್ಣೆಗೆ ಹೊಟ್ಟು, ಹುಲ್ಲು ಬಿದ್ದಿರುತ್ತದೆ. ಜಮಾ ಡ್ರಮ್ ಬಾಯಿಗೆ 30 ಮೆಶ್ ಜಾಲರಿ ಇಟ್ಟು ಸುರಿದರೆ ಅದು ಅಲ್ಲೇ ನಿಲ್ಲುತ್ತದೆ. ಈ ಹಂತದಲ್ಲಿ ಇಷ್ಟು ಸೋಸಿದರೆ ಸಾಕು.

ಇನ್ನೊಂದು ಮಾತು. "ಮುಚ್ಚಳ ಬಿಗಿ ಇತ್ತು, ಆದರೂ ನೀರು ಹೇಗೆ ಬಂತು" ಅಂತ ತುಂಬ ಜನ ಕೇಳುತ್ತಾರೆ. ಡ್ರಮ್ ಉಸಿರಾಡುತ್ತದೆ. ಹಗಲು ಕಾದಾಗ ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಸಂಜೆ ಮಳೆ ಬಂದು ತಣ್ಣಗಾದಾಗ ಡ್ರಮ್ ಗಾಳಿ ಎಳೆದುಕೊಳ್ಳುತ್ತದೆ. ಮೇಲೆ ನಿಂತ ಮಳೆನೀರು ಬಿರಡೆಯ ಸಂದಿನಿಂದ ಗಾಳಿಯ ಜತೆ ಒಳಗೆ ಇಳಿಯುತ್ತದೆ. ನಮ್ಮ ಕಡೆ ಹಗಲು ರಾತ್ರಿ ಬಿಸಿಯ ಅಂತರ ದೊಡ್ಡದು, ಹಾಗಾಗಿ ಈ ತೊಂದರೆಯೂ ಜಾಸ್ತಿ. ಡ್ರಮ್ಮನ್ನು ಸೂರಿನ ಕೆಳಗೆ ಇಡಿ. ಹೊರಗೇ ಇಡಬೇಕಾದರೆ ಅಡ್ಡ ಮಲಗಿಸಿ, ಎರಡು ಬಿರಡೆಯೂ ಎಡಕ್ಕೆ ಬಲಕ್ಕೆ ಒಂದೇ ಮಟ್ಟದಲ್ಲಿ ಬರುವಂತೆ ಉರುಳಿಸಿ. ಆಗ ಬಿರಡೆಯ ಒಳಗೆ ಎಣ್ಣೆ ನಿಂತಿರುತ್ತದೆ, ಹೊರಗೆ ನೀರು ನಿಲ್ಲುವುದಿಲ್ಲ.

## ಹಂತ 2: ತಣ್ಣಗೆ ಇಳಿಸಿ, ಮೊದಲ ನೀರು ಬಸಿಯಿರಿ

ಜಮಾ ಡ್ರಮ್ ಒಂದು ವಾರ ಅಲುಗಾಡದೆ ನಿಲ್ಲಲಿ. ಫೆಬ್ರುವರಿಯಿಂದ ಮೇವರೆಗೆ ಇದಕ್ಕೆ ನಮ್ಮ ಬಿಸಿಲೇ ಸಾಕು. ಕಪ್ಪು ಬಳಿದ ಡ್ರಮ್ಮನ್ನು ಬಿಸಿಲಿಗೆ ಇಟ್ಟರೆ ಮಧ್ಯಾಹ್ನದ ಹೊತ್ತಿಗೆ ಕೈ ಇಡಲಾಗದಷ್ಟು ಕಾಯುತ್ತದೆ. ಬಿರಡೆ ಸ್ವಲ್ಪ ಸಡಿಲ ಇರಲಿ.

ಈಗ ಅಳತೆ ಕೋಲಿನ ತುದಿಗೆ ಪೇಸ್ಟ್ ಸವರಿ, ನಿಧಾನವಾಗಿ ತಳ ಮುಟ್ಟಿಸಿ. ಅರ್ಧ ನಿಮಿಷ ಹಿಡಿದು ಎತ್ತಿ, ಎಣ್ಣೆ ಒರೆಸಿ ನೋಡಿ. ನೀರು ಇರುವ ಎತ್ತರದವರೆಗೆ ಪೇಸ್ಟ್ ಬಣ್ಣ ಬದಲಾಗಿರುತ್ತದೆ. ಸಾಮಾನ್ಯ ಡ್ರಮ್‌ನಲ್ಲಿ ಒಂದು ಸೆಂಟಿಮೀಟರ್ ಎತ್ತರ ಅಂದರೆ ಸುಮಾರು ಎರಡೂವರೆ ಲೀಟರ್. ನಾಲ್ಕು ಸೆಂಟಿಮೀಟರ್ ಬಂದರೆ ಹತ್ತು ಲೀಟರ್ ನೀರು. ಇದನ್ನು ಪುಸ್ತಕದಲ್ಲಿ ಬರೆದಿಡಿ. ಯಾವ ಗ್ಯಾರೇಜ್‌ನ ಎಣ್ಣೆಯಲ್ಲಿ ಎಷ್ಟು ನೀರು ಅಂತ ಎರಡೇ ತಿಂಗಳಲ್ಲಿ ನಿಮಗೆ ಗೊತ್ತಾಗುತ್ತದೆ.

ಮೇಲಿನ ಎಣ್ಣೆಯನ್ನು ಕೈ ಪಂಪಿನಿಂದ ಇಳಿಸುವ ಡ್ರಮ್‌ಗೆ ಹಾಕಿ. ಪಂಪಿನ ಕೊಳವೆ ತಳದಿಂದ ಹತ್ತು ಸೆಂಟಿಮೀಟರ್ ಮೇಲೇ ನಿಲ್ಲಲಿ. ಕೊನೆಯ ಹನಿವರೆಗೂ ಎಳೆಯುವ ಆಸೆ ಬೇಡ.

ಇಲ್ಲಿ ಮೋಟಾರ್ ಪಂಪ್ ಯಾಕೆ ಬೇಡ ಅಂತ ಹೇಳಬೇಕು. ವೇಗವಾಗಿ ತಿರುಗುವ ಪಂಪ್ ಕಡಗೋಲಿನ ಕೆಲಸ ಮಾಡುತ್ತದೆ. ಎಣ್ಣೆ, ನೀರು ಎರಡನ್ನೂ ಕಡೆದು, ದೊಡ್ಡ ಹನಿಗಳನ್ನು ಸಣ್ಣ ಮಾಡುತ್ತದೆ. ಹನಿ ಅರ್ಧಕ್ಕೆ ಇಳಿದರೆ ಅದು ತಳ ಸೇರಲು ನಾಲ್ಕು ಪಟ್ಟು ಹೊತ್ತು ಬೇಕು. ನಾನು ಶುರುವಿನಲ್ಲಿ ಹೀಟರ್ ಹಾಕಿ, ಸಮನಾಗಿ ಕಾಯಲಿ ಅಂತ ಮೋಟಾರ್ ಪಂಪಿನಿಂದ ಎಣ್ಣೆಯನ್ನು ಸುತ್ತಿಸಿದ್ದೆ. ಎರಡು ಗಂಟೆಯಲ್ಲಿ ಇಡೀ ಡ್ರಮ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತು. ಮೂರು ವಾರ ಕಾದರೂ ನೀರು ಬಿಡಲಿಲ್ಲ. ಆ ಡ್ರಮ್ ಪೂರ್ತಿ ಕೈಬಿಟ್ಟೆ.

## ಹಂತ 3: ಹದವಾಗಿ ಕಾಯಿಸಿ, ಸ್ವಿಚ್ ಆರಿಸಿ, ಮುಟ್ಟದೆ ಬಿಡಿ

ಇಡೀ ಕೆಲಸದ ಜೀವಾಳ ಈ ಹಂತ. ನೀರು ಎಣ್ಣೆಗಿಂತ ಭಾರ ನಿಜ, ಆದರೆ ವ್ಯತ್ಯಾಸ ಸಣ್ಣದು. ಲೀಟರ್ ನೀರು ಒಂದು ಕಿಲೋ, ಲೀಟರ್ ಇಂಜಿನ್ ಆಯಿಲ್ ಸುಮಾರು 870ರಿಂದ 890 ಗ್ರಾಂ. ಎಣ್ಣೆ ಗಟ್ಟಿಯಾಗಿದ್ದಾಗ ಸಣ್ಣ ಹನಿಗಳು ಅದರಲ್ಲಿ ಸಿಕ್ಕಿಕೊಂಡು ನಿಲ್ಲುತ್ತವೆ. ಕಾಯಿಸಿದರೆ ಎಣ್ಣೆ ತೆಳುವಾಗುತ್ತದೆ, ಹನಿ ಜಾರಿ ಕೆಳಗೆ ಬರುತ್ತದೆ.

ಲಾರಿಗೆ ಹಾಕುವ 15ಡಬ್ಲ್ಯು-40 ಆಯಿಲ್ ತೆಗೆದುಕೊಳ್ಳಿ. ಕೂದಲೆಳೆಗಿಂತ ಸಣ್ಣ, 50 ಮೈಕ್ರಾನ್‌ನ ಒಂದು ನೀರಿನ ಹನಿ ಡ್ರಮ್‌ನ ಮೇಲಿಂದ ತಳಕ್ಕೆ ಇಳಿಯಲು 40 ಡಿಗ್ರಿಯಲ್ಲಿ ಐದು ದಿನಕ್ಕೂ ಮಿಕ್ಕಿ ಬೇಕು. ಅದೇ ಹನಿಗೆ 80 ಡಿಗ್ರಿಯಲ್ಲಿ ಒಂದು ದಿನ ಸಾಕು. ಕಾಯಿಸುವುದು ಇಷ್ಟಕ್ಕೇ. ನೀರನ್ನು ಕುದಿಸಿ ಹಾರಿಸಲು ಇನ್ನೂ ಹೊತ್ತು ಬಂದಿಲ್ಲ.

1. ಇಳಿಸುವ ಡ್ರಮ್‌ಗೆ 150 ಲೀಟರ್ ಮಾತ್ರ ಹಾಕಿ. ಮೇಲೆ ಕಾಲು ಭಾಗ ಖಾಲಿ ಇರಲಿ.

2. ಹೀಟರ್ ಪಟ್ಟಿಯನ್ನು ತಳದಿಂದ 20–25 ಸೆಂಟಿಮೀಟರ್ ಮೇಲೆ ಸುತ್ತಿ. ತೀರಾ ತಳಕ್ಕೆ ಸುತ್ತಿದರೆ ರಾಡಿ, ನೀರು ಮೊದಲು ಕಾಯುತ್ತವೆ. ಎಣ್ಣೆಯ ಮಟ್ಟ ಯಾವಾಗಲೂ ಪಟ್ಟಿಗಿಂತ ಮೇಲಿರಬೇಕು.

3. ಮುಚ್ಚಳ ಸುಮ್ನೆ ಮೇಲೆ ಇಡಿ, ರಿಂಗ್ ಬಿಗಿಯಬೇಡಿ. ಮುಚ್ಚಿದ ಡ್ರಮ್ಮನ್ನು ಯಾವತ್ತೂ ಕಾಯಿಸಬಾರದು.

4. ಥರ್ಮೋಸ್ಟ್ಯಾಟ್ 75ರಿಂದ 80ಕ್ಕೆ ಇಡಿ. ಅಷ್ಟು ಎಣ್ಣೆಗೆ ಸುಮಾರು 4 ಯುನಿಟ್ ಕರೆಂಟ್, ಹೊರಗೆ ಹೋಗುವ ಬಿಸಿ ಸೇರಿ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಬ್ಯಾಂಡ್ ಹೀಟರ್‌ನಲ್ಲಿ 4ರಿಂದ 6 ಗಂಟೆ ಹಿಡಿಯುತ್ತದೆ.

5. ಮಧ್ಯದ ಎಣ್ಣೆ 80ಕ್ಕೆ ಬಂದ ಮೇಲೆ ಹೀಟರ್ ಪೂರ್ತಿ ಆರಿಸಿ. ಹೆಚ್ಚಿನವರು ತಪ್ಪುವುದು ಇಲ್ಲಿ. ಹೀಟರ್ ಆನ್ ಆಗಿಯೇ ಇದ್ದರೆ ಬಿಸಿ ಎಣ್ಣೆ ಮೇಲಕ್ಕೆ, ತಣ್ಣಗಿನದು ಕೆಳಕ್ಕೆ ಸುತ್ತುತ್ತಲೇ ಇರುತ್ತದೆ. ಇಳಿಯುತ್ತಿರುವ ಹನಿಯನ್ನು ಆ ಸುತ್ತಾಟ ಮತ್ತೆ ಮೇಲಕ್ಕೆ ಎತ್ತುತ್ತದೆ.

6. ಹೀಟರ್ ಆರಿದ ಮೇಲೆ ಡ್ರಮ್‌ಗೆ ರಾಕ್‌ವೂಲ್ (ಬೆಂಕಿ ಹತ್ತದ ಕಲ್ಲಿನ ನಾರು) ಹೊದಿಕೆ ಸುತ್ತಿ. ಗೋಣಿಚೀಲ, ಹೊಟ್ಟು, ಹಳೆ ಕಂಬಳಿ ಬೇಡ, ಅವು ಎಣ್ಣೆ ಹೀರಿ ಬೆಂಕಿಗೆ ದಾರಿಯಾಗುತ್ತವೆ. 24 ಗಂಟೆ ಯಾರೂ ಮುಟ್ಟಬಾರದು. ಕಲಕಬಾರದು, ಕೋಲು ಹಾಕಿ ನೋಡಲೂಬಾರದು.

ಮರುದಿನ ತಳದ ನಲ್ಲಿಯನ್ನು ಕಾಲು ಭಾಗ ಮಾತ್ರ ತೆರೆಯಿರಿ. ಜೋರಾಗಿ ತೆರೆದರೆ ಮಧ್ಯದ ಎಣ್ಣೆ ಸುಳಿಯಾಗಿ ಕೆಳಗೆ ನುಗ್ಗುತ್ತದೆ, ನೀರು ಪಕ್ಕದಲ್ಲೇ ಉಳಿಯುತ್ತದೆ. ಮೊದಲು ಬೂದು ನೀರು ಬರುತ್ತದೆ. ಆಮೇಲೆ ಕಪ್ಪು ಮೊಸರಿನಂಥ ರಾಡಿ. ಆಮೇಲೆ ಹೊಳೆಯುವ ಎಣ್ಣೆ. ಹೊಳಪು ಕಂಡ ಮೇಲೂ ಇನ್ನೊಂದು ಲೀಟರ್ ಬಿಟ್ಟು ನಿಲ್ಲಿಸಿ. ಆ ಲೀಟರ್ ಮುಂದಿನ ಸಲದ ಜಮಾ ಡ್ರಮ್‌ಗೆ ಹೋಗಲಿ.

ನೀರು 5 ಲೀಟರ್‌ಗಿಂತ ಜಾಸ್ತಿ ಬಂದಿದ್ದರೆ ಮೇಲಿನ ಪಟ್ಟಿಯ 3ರಿಂದ 6ರವರೆಗೆ ಇನ್ನೊಮ್ಮೆ ಮಾಡಿ. ಎರಡನೇ ಸಲಕ್ಕೆ ಹೆಚ್ಚಿನ ಎಣ್ಣೆ ಹದಕ್ಕೆ ಬರುತ್ತದೆ.

ಬಿಡದ ಎಣ್ಣೆಗೆ ಏನು ಮಾಡುವುದು? ಎರಡು ಸುತ್ತಾದರೂ ಬಣ್ಣ ಚಹಾದ ಹಾಗೇ ಇದ್ದರೆ ಅದರಲ್ಲಿ ಕೂಲೆಂಟ್ ಇರುವ ಸಾಧ್ಯತೆ ಜಾಸ್ತಿ. ಇಂಜಿನ್ ಆಯಿಲ್‌ಗೆ ಮಸಿಯನ್ನು ಹಿಡಿದಿಡುವ ರಾಸಾಯನಿಕ ಹಾಕಿರುತ್ತಾರೆ. ಅದು ನೀರನ್ನೂ ಹಾಗೇ ಹಿಡಿದುಕೊಳ್ಳುತ್ತದೆ. ಡಿಮಲ್ಸಿಫೈಯರ್ ಅನ್ನುವ, ಎಣ್ಣೆಯಿಂದ ನೀರು ಬಿಡಿಸುವ ದ್ರವ ಮಾರುಕಟ್ಟೆಯಲ್ಲಿ ಸಿಗುತ್ತದೆ. ನೇರ ಡ್ರಮ್‌ಗೆ ಸುರಿಯಬೇಡಿ. ಮೊದಲು ನಾಲ್ಕು ಗಾಜಿನ ಬಾಟಲಿಯಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿ 60 ಡಿಗ್ರಿಯಲ್ಲಿ ಇಟ್ಟು, ಯಾವುದರಲ್ಲಿ ನೀರು ಬೇರೆಯಾಯಿತು ನೋಡಿ. ಉಪ್ಪು ಹಾಕಿದರೆ ನೀರು ಬಿಡುತ್ತದೆ ಅಂತ ಕೆಲವರು ಹೇಳುತ್ತಾರೆ. ಉಳಿದ ಉಪ್ಪು ಬರ್ನರ್, ಚಿಮಣಿ ಎರಡನ್ನೂ ತುಕ್ಕು ಹಿಡಿಸುತ್ತದೆ, ಅದನ್ನು ಮಾಡಬೇಡಿ. ಬಾಟಲಿಯಲ್ಲೂ ಬಿಡದಿದ್ದರೆ ಆ ಎಣ್ಣೆಯನ್ನು ರಿಫೈನಿಂಗ್‌ನವರಿಗೆ ಕೊಟ್ಟುಬಿಡಿ.

## ಹಂತ 4: ಚಟಪಟ ಪರೀಕ್ಷೆ

ಕಣ್ಣಿಗೆ ತಿಳಿಯಾಗಿ ಕಂಡ ಮಾತ್ರಕ್ಕೆ ನೀರು ಹೋಯಿತು ಅಂತ ಅಲ್ಲ. ಕಪ್ಪು ಎಣ್ಣೆಯಲ್ಲಿ ಕಣ್ಣು ಮೋಸ ಹೋಗುತ್ತದೆ.

ಎಲೆಕ್ಟ್ರಿಕ್ ಹಾಟ್‌ಪ್ಲೇಟ್ ಮೇಲೆ ಸಣ್ಣ ಸ್ಟೀಲ್ ತಟ್ಟೆ ಇಟ್ಟು, 160 ಡಿಗ್ರಿ ಹತ್ತಿರ ಕಾಯಿಸಿ. ಗಾಗಲ್ ಹಾಕಿ. ಮೇಲಿನ ನಲ್ಲಿಯಿಂದ ತೆಗೆದ ಎಣ್ಣೆಯನ್ನು ಸಿರಿಂಜಿನಿಂದ ಒಂದೇ ಒಂದು ಹನಿ ಬಿಡಿ.

ಹನಿ ಸದ್ದಿಲ್ಲದೆ ಹರಡಿದರೆ ನೀರು ಲೆಕ್ಕಕ್ಕಿಲ್ಲ. ಸಾಸಿವೆಗಿಂತ ಸಣ್ಣ ಗುಳ್ಳೆ ಎದ್ದು ಮಾಯವಾದರೆ ಶೇ 0.1ರ ಆಸುಪಾಸು ನೀರಿದೆ. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಅಂದರೆ ಶೇ 0.2ಕ್ಕಿಂತ ಮೇಲೆ. ಎಷ್ಟು ಮೇಲೆ ಅನ್ನುವುದು ಈ ಪರೀಕ್ಷೆಯಿಂದ ತಿಳಿಯುವುದಿಲ್ಲ. ಸದ್ದು ಜೋರಾಗಿದ್ದರೆ ಇನ್ನೊಂದು ದಿನ ಇಳಿಯಲು ಬಿಡಿ.

ಗುಳ್ಳೆ ಬರುತ್ತದೆ, ಆದರೆ ಸದ್ದು ಸ್ವಲ್ಪವೂ ಇಲ್ಲ, ಪೆಟ್ರೋಲ್ ವಾಸನೆ ಇದೆ ಅಂದರೆ ಅದು ಎಚ್ಚರಿಕೆ. ಆ ಡ್ರಮ್ಮನ್ನು ಮುಂದೆ ಕಾಯಿಸಬೇಡಿ.

ಶೇ 1ರ ಮಿತಿಗೆ ಹೋಲಿಸಿದರೆ ಸಣ್ಣ ಚಟಪಟ ದೊಡ್ಡ ವಿಷಯವಲ್ಲ. ಹೆಚ್ಚಿನ ಕುಲುಮೆಗಳಿಗೆ ಇಷ್ಟು ಸಾಕು, ಸೀದಾ 6ನೇ ಹಂತಕ್ಕೆ ಹೋಗಿ ಅಂತಲೇ ನನ್ನ ಸಲಹೆ.

## ಹಂತ 5: ಬೇಕಿದ್ದವರಿಗೆ ಮಾತ್ರ, ಪೂರ್ತಿ ಒಣಗಿಸುವುದು

ಸಣ್ಣ ನಾಜಲ್‌ನ ಬರ್ನರ್ ಇದ್ದವರಿಗೆ, ಅಥವಾ ಎಣ್ಣೆಯನ್ನು ತಿಂಗಳುಗಟ್ಟಲೆ ಇಡಬೇಕಾದವರಿಗೆ ಇದು ಬೇಕಾಗಬಹುದು. ಎಲ್ಲಕ್ಕಿಂತ ಅಪಾಯದ ಹಂತವೂ ಇದೇ. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ತಳದಲ್ಲಿ ಒಂದು ಲೀಟರ್ ನೀರು ಅಡಗಿದ್ದು, ಮೇಲೆ 110 ಡಿಗ್ರಿ ಎಣ್ಣೆ ಇದ್ದರೆ, ಆ ನೀರು ಒಮ್ಮೆಲೇ ಎದ್ದು ಡ್ರಮ್ಮಿನ ಎಣ್ಣೆಯನ್ನೆಲ್ಲ ಹೊರಗೆ ಎಸೆಯುತ್ತದೆ. ರಾಯಚೂರಿನ ಆ ಶೆಡ್‌ನಲ್ಲಿ ಆದದ್ದು ಇದೇ.

ಹಾಗಾಗಿ ತಳದ ನೀರು ಪೂರ್ತಿ ಬಸಿದು, ಪೇಸ್ಟ್ ಹಚ್ಚಿದ ಕೋಲಿನಲ್ಲಿ ಬಣ್ಣ ಬದಲಾಗದೆ ಇದ್ದರೆ ಮಾತ್ರ ಮುಂದುವರಿಯಿರಿ. ಡ್ರಮ್ ಅರ್ಧಕ್ಕಿಂತ ಜಾಸ್ತಿ ತುಂಬಿರಬಾರದು. ಜಾಗ ಬಯಲಾಗಿರಲಿ. ಕುಲುಮೆ, ವೆಲ್ಡಿಂಗ್, ಬೀಡಿ ಯಾವುದೂ ಹತ್ತಿರ ಬೇಡ. ನಾನು ಕನಿಷ್ಠ 15 ಮೀಟರ್ ದೂರ ಇಡುತ್ತೇನೆ. ಮುಚ್ಚಳ ತೆಗೆದಿಡಿ.

90 ಡಿಗ್ರಿವರೆಗೆ ಎಂದಿನಂತೆ ಕಾಯಿಸಿ. ಅಲ್ಲಿಂದ 105ರವರೆಗೆ ಗಂಟೆಗೆ ಹತ್ತು ಡಿಗ್ರಿಗಿಂತ ವೇಗ ಬೇಡ. ಈ ಹೊತ್ತಿನಲ್ಲಿ ಒಬ್ಬರು ಅಲ್ಲೇ ಇರಬೇಕು. ಊಟಕ್ಕೆ ಹೋಗುವಂತಿಲ್ಲ, ಫೋನ್ ಹಿಡಿದು ಆಚೆ ಹೋಗುವಂತಿಲ್ಲ. ಮೇಲೆ ತೆಳು ನೊರೆ, ಸಣ್ಣ ಸದ್ದು ಸಹಜ. ನೊರೆ ಹಾಲು ಉಕ್ಕುವ ಹಾಗೆ ಏರತೊಡಗಿದರೆ ಸ್ವಿಚ್ ಆರಿಸಿ, ಹಿಂದೆ ಸರಿಯಿರಿ. ತಣ್ಣಗಾಗಲಿ ಅಂತ ನೀರು ಚಿಮುಕಿಸಬೇಡಿ. ಕೋಲು ಹಾಕಿ ಕಲಕಬೇಡಿ. ತಳದಿಂದ ಗುಡುಗುಡು ಅಂತ ದಪ್ಪ ಸದ್ದು ಬಂದರೆ ಅಲ್ಲಿ ನೀರು ಉಳಿದಿದೆ. ಹೀಟರ್ ಆರಿಸಿ, ಆ ದಿನದ ಕೆಲಸ ನಿಲ್ಲಿಸಿ, ಪೂರ್ತಿ ಆರಿದ ಮೇಲೆ ಮತ್ತೆ ಬಸಿಯಿರಿ.

110ಕ್ಕೆ ಬಂದು ನೊರೆ ನಿಂತ ಮೇಲೆ ಒಂದೆರಡು ಗಂಟೆ ಬಿಟ್ಟರೆ ಸಾಕು. 115 ದಾಟಿಸುವ ಅಗತ್ಯವಿಲ್ಲ. ಬಿಳಿ ಆವಿ ನಿಂತು ನೀಲಿ ಹೊಗೆ ಶುರುವಾದರೆ ಹೀಟರ್ ಅಂಟಿದ ಜಾಗದಲ್ಲಿ ಎಣ್ಣೆ ಸುಡುತ್ತಿದೆ ಅಂತ ಅರ್ಥ. ತಕ್ಷಣ ಆರಿಸಿ.

ಬೆಂಕಿ ಹತ್ತಿದರೆ ನೀರು ಎರಚಬಾರದು. ಕರೆಂಟ್ ತೆಗೆದು, ಪೌಡರ್ ಹೊಡೆಯಿರಿ. ಸಣ್ಣ ಬೆಂಕಿಯಾದರೆ ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಮುಚ್ಚಿ.

## ಹಂತ 6: ಈಗ ಸೋಸಿ

ಇಳಿದ ಎಣ್ಣೆ 50–60 ಡಿಗ್ರಿ ಬಿಸಿ ಇರುವಾಗಲೇ ಮೇಲಿನ ನಲ್ಲಿಯಿಂದ ಬಿಡಿ. ಪಂಪ್ ಬೇಕಾಗಿಲ್ಲ, ಎರಡಡಿ ಎತ್ತರದಿಂದ ತಾನೇ ಹರಿಯುತ್ತದೆ. ಮೊದಲು 100 ಮೆಶ್ ಜಾಲರಿ, ಆಮೇಲೆ ಬಟ್ಟೆ ಚೀಲ.

ಬಳ್ಳಾರಿಯವರಿಗೆ ಬಟ್ಟೆ ಹುಡುಕುವ ಕಷ್ಟ ಇಲ್ಲ. ಇಲ್ಲಿನ ಜೀನ್ಸ್ ಹೊಲಿಯುವ ಘಟಕಗಳಲ್ಲಿ ತುಂಡು ಬಟ್ಟೆ ಬೇಕಾದಷ್ಟು ಸಿಗುತ್ತದೆ. ಜೀನ್ಸ್ ಪ್ಯಾಂಟಿನ ಒಂದು ಕಾಲಿನ ತುದಿ ಹೊಲಿದು ತೂಗುಹಾಕಿದರೆ ಒಳ್ಳೆ ಚೀಲ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಎರಡು ಸಲ ಒಗೆಯಿರಿ. ಬಿಸಿಲಲ್ಲಿ ಗರಿಗರಿ ಒಣಗಿಸಿ. ಒದ್ದೆ ಬಟ್ಟೆ ಬಳಸಿದರೆ ತೆಗೆದ ನೀರನ್ನು ನೀವೇ ವಾಪಸ್ ಸೇರಿಸಿದ ಹಾಗೆ.

ಚೀಲ ಹತ್ತೇ ಲೀಟರ್‌ಗೆ ಕಟ್ಟಿಕೊಂಡರೆ ಚೀಲದ ತಪ್ಪಲ್ಲ. ಎಣ್ಣೆ ಇನ್ನೂ ಇಳಿದಿಲ್ಲ, 3ನೇ ಹಂತಕ್ಕೆ ವಾಪಸ್ ಹೋಗಿ. ಚೀಲವನ್ನು ಹಿಂಡಬೇಡಿ. ಹಿಂಡಿದರೆ ಹಿಡಿದಿಟ್ಟ ರಾಡಿಯೆಲ್ಲ ಹೊರಗೆ ಬರುತ್ತದೆ.

ಸರಿಯಾಗಿ ಇಳಿದ ಎಣ್ಣೆಯೂ ಕಪ್ಪಾಗೇ ಇರುತ್ತದೆ. "ಬಣ್ಣ ತಿಳಿಯಾಗಲಿಲ್ಲ" ಅಂತ ಬೇಜಾರಾಗಬೇಡಿ. ಆ ಕಪ್ಪು ತೀರಾ ಸಣ್ಣ ಮಸಿ, ಕುಲುಮೆಯಲ್ಲಿ ಉರಿದು ಹೋಗುತ್ತದೆ. ಬಣ್ಣ ತೆಗೆಯಲು ಆಸಿಡ್ ಹಾಕುವವರಿದ್ದಾರೆ. ಅದರಿಂದ ಹುಟ್ಟುವ ಆಸಿಡ್ ರಾಡಿ ಮೊದಲಿನದಕ್ಕಿಂತ ಹತ್ತು ಪಟ್ಟು ತಲೆನೋವು. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.

## ಹಂತ 7: ನೀರು, ರಾಡಿ, ಬಟ್ಟೆ ಎಲ್ಲಿಗೆ?

ಬಸಿದ ನೀರು ಬರಿ ನೀರಲ್ಲ. ಅದರಲ್ಲಿ ಎಣ್ಣೆ, ಸೀಸ, ಕೂಲೆಂಟ್ ಇರುತ್ತದೆ. ಚರಂಡಿಗೆ, ಹೊಲದ ಬದುವಿಗೆ, ಕಾಲುವೆಗೆ ಬಿಡಬೇಡಿ. ನಮ್ಮ ಕಡೆ ತುಂಗಭದ್ರೆಯ ಕಾಲುವೆ ನೀರೇ ಎಷ್ಟೋ ಊರಿಗೆ ಕುಡಿಯುವ ನೀರು. ರಾಡಿಯನ್ನು ರಸ್ತೆ ಧೂಳಿಗೆ, ಗೆದ್ದಲಿಗೆ ಅಂತ ಕೇಳಿಕೊಂಡು ಬರುವವರಿಗೂ ಕೊಡಬೇಡಿ.

ನೀರಿಗೆ ಒಂದು, ರಾಡಿಗೆ ಒಂದು, ಹೀಗೆ ಮುಚ್ಚಳ ಇರುವ ಎರಡು ಡಬ್ಬ ಇಡಿ. ಎಣ್ಣೆ ಬಟ್ಟೆಗೆ ಬೇರೆ ಕಬ್ಬಿಣದ ಡಬ್ಬ. ಮೇಲೆ ದಿನಾಂಕ ಬರೆಯಿರಿ. 90 ದಿನದ ಒಳಗೆ ಮಂಡಳಿಯ ಅನುಮತಿ ಇರುವ ತ್ಯಾಜ್ಯ ಸಾಗಿಸುವವರಿಗೆ ಕೊಟ್ಟು, ಚೀಟಿ ಇಟ್ಟುಕೊಳ್ಳಿ.

ಕೆಲಸ ಮುಗಿದ ಮೇಲೆ ಕೈ ಸೋಪಿನಲ್ಲಿ ತೊಳೆಯಿರಿ. ಸೀಮೆಎಣ್ಣೆ, ಪೆಟ್ರೋಲ್‌ನಲ್ಲಿ ತೊಳೆದರೆ ಕೊಳೆ ಚರ್ಮದ ಒಳಗೇ ಇಳಿಯುತ್ತದೆ. ಹಳೆ ಇಂಜಿನ್ ಆಯಿಲ್ ವರ್ಷಗಟ್ಟಲೆ ಚರ್ಮಕ್ಕೆ ತಾಗುತ್ತಿದ್ದರೆ ಕ್ಯಾನ್ಸರ್ ಬರುವ ಅಪಾಯ ಇದೆ. ಗ್ಲೌಸ್‌ಗೆ ಆಗುವ ಖರ್ಚು ಏನೇನೂ ಅಲ್ಲ.

## ಹಂತ 8: ಬರ್ನರ್‌ಗೆ ಮೊದಲ ಸಲ ಕೊಡುವಾಗ

ಬರ್ನರ್‌ನ ಟ್ಯಾಂಕಿಗೂ ತಳದಲ್ಲಿ ಒಂದು ನಲ್ಲಿ ಬೇಕು. ಇಲ್ಲದಿದ್ದರೆ ಈಗಲೇ ಹಾಕಿಸಿ. ಮೊದಲ ಸಲ 20 ಲೀಟರ್ ಮಾತ್ರ ಕೊಟ್ಟು, ಉರಿಯ ಸದ್ದು ಕೇಳಿ.

ಉರಿ ಒಂದೇ ಸಮನೆ ಇದ್ದರೆ ಸರಿ. ಬುಸ್ ಬುಸ್ ಅಂತ ಉಸಿರು ಬಿಟ್ಟ ಹಾಗೆ ಏರಿಳಿದರೆ ನೀರು ಬರುತ್ತಿದೆ. ಬರಬರುತ್ತಾ ಉರಿ ಚಿಕ್ಕದಾದರೆ ನಾಜಲ್‌ನಲ್ಲಿ ಗಸಿ ಕೂತಿದೆ. ಉರಿ ಫಕ್ಕನೆ ಆರಿದರೆ ಮೊದಲು ಎಣ್ಣೆಯ ವಾಲ್ವ್ ಮುಚ್ಚಿ. ಕಾದ ಕುಲುಮೆಯ ಒಳಗೆ ಎಣ್ಣೆ ಬೀಳುತ್ತಾ ಇದ್ದರೆ ಅದು ಆವಿಯಾಗಿ ತುಂಬಿಕೊಂಡು, ಮತ್ತೆ ಹತ್ತುವಾಗ ಢಂ ಅಂತ ಬಾಗಿಲನ್ನೇ ಹಾರಿಸುತ್ತದೆ. ಬ್ಲೋವರ್ ಐದು ನಿಮಿಷ ಓಡಿಸಿ, ಒಳಗಿನ ಆವಿ ಪೂರ್ತಿ ಹೋದ ಮೇಲೇ ಮತ್ತೆ ಹಚ್ಚಿ.

ದಿನಾ ಬೆಳಗ್ಗೆ ಕುಲುಮೆ ಹಚ್ಚುವ ಮೊದಲು ಟ್ಯಾಂಕಿನ ತಳದ ನಲ್ಲಿಯಿಂದ ಒಂದು ಗಾಜಿನ ಲೋಟ ಎಣ್ಣೆ ತೆಗೆದು, ಹತ್ತು ನಿಮಿಷ ಬೆಳಕಿನಲ್ಲಿಡಿ. ಲೋಟದ ತಳದಲ್ಲಿ ಬೂದು ಗೆರೆ ಕಂಡರೆ ಆ ದಿನ ಇನ್ನೂ ಎರಡು ಲೀಟರ್ ಬಸಿಯಿರಿ. ಗೆರೆ ಮೂರು ದಿನ ಬಿಡದೆ ಕಂಡರೆ ತಿಳಿ ಡ್ರಮ್‌ನ ಮುಚ್ಚಳ ನೋಡಿ. ನಮ್ಮಲ್ಲಿ ಹಾಗಾದಾಗಲೆಲ್ಲ ಯಾರೋ ಅದನ್ನು ರಾತ್ರಿ ಹೊರಗೆ ತೆರೆದಿಟ್ಟು ಹೋಗಿರುತ್ತಿದ್ದರು.